ಮ್ಯಾಲ, ಕೆಳಗ, ಕೆಳಗ, ಮ್ಯಾಲ

ಕಾರ್ಖಾನೆ ಕ್ಯಾಂಟೀನಿನ ಕಲ್ಲಿನ ಮೇಜಿನ ಮೇಲೆ ಮೊಣಕೈ ಊರಿ ಮರ್ದಾನಪ್ಪನೂ ಯಮನೂರಪ್ಪನೂ ಪಂಜಾ ಹಿಡಿದಿದ್ದರು. ಸುತ್ತ ನಿಂತವರು ಸಿಳ್ಳೆ ಹಾಕುತ್ತಿದ್ದರು. ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಯಮನೂರಪ್ಪನ ಮುಂಗೈ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂತು. ಅವನು ನಗುತ್ತಲೇ ಇದ್ದ. ಮರ್ದಾನಪ್ಪ ಗೆದ್ದೆನೆಂದು ಎಡಗೈ ಎತ್ತಿ ಕುಣಿದ. ಚಹಾದ ಲೋಟದೊಳಗೆ ರಕ್ತ ತೊಟ್ಟಿಕ್ಕುವ ತನಕ ಏನಾಯಿತೆಂಬುದು ಇಬ್ಬರಿಗೂ ಗೊತ್ತಾಗಲಿಲ್ಲ. ಅಲ್ಲಿ ಚೀರಿದವನು ಒಬ್ಬನೇ, ಮಿರ್ಚಿ ಕರಿಯುತ್ತಿದ್ದ ಹುಸೇನಸಾಬ. ಅವನ ಭುಜದಲ್ಲಿ ಕಾಳು ಇರಲಿಲ್ಲ.

ಕಾಳು ಎಂದು ಹೆಸರಿಟ್ಟವರು ಕೆಲಸಗಾರರು. ಕಂಪನಿಯವರು ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು ಕೊಟ್ಟಿದ್ದರು, ಅದು ಯಾರ ಬಾಯಿಗೂ ಹತ್ತಲಿಲ್ಲ. ಅಕ್ಕಿಕಾಳಿನಷ್ಟೇ ದೊಡ್ಡದು. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಕಂತೆಯ ಪಕ್ಕ, ಎರಡೂ ಭುಜದ ಎಲುಬಿನ ಅಡಿಯಲ್ಲಿ ಅದನ್ನು ಹೂಳುತ್ತಿದ್ದರು. ನರಗಳಲ್ಲಿ ಎರಡು ಬಗೆ. ತೆಳ್ಳನೆಯವು ಬಿಸಿಯನ್ನೂ ನೋವನ್ನೂ ಹೊತ್ತು ತರುತ್ತವೆ. ದಪ್ಪನೆಯವು ಏನು ಮುಟ್ಟಿತು, ಬೆರಳು ಮಡಚಿದೆಯೋ ಬಿಚ್ಚಿದೆಯೋ ಎಂಬುದನ್ನು ಹೇಳುತ್ತವೆ. ಕಾಳಿನ ಸಣ್ಣ ಮಿಡಿತ ತೆಳ್ಳನೆಯ ನರಗಳನ್ನು ಮಾತ್ರ ಮಲಗಿಸಬೇಕು. ಆಗ ಮನುಷ್ಯ ಕುಲುಮೆಯ ಬಾಯಿಗೆ ಕೈಯೊಡ್ಡಿ, ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟವನ್ನು ಹಿಂಜರಿಯದೆ ಎಳೆಯುತ್ತಾನೆ. ಯಂತ್ರಗಳು ಆ ಧೂಳಿನಲ್ಲಿ ಮತ್ತೆ ಮತ್ತೆ ಕೆಟ್ಟು ಕೂರುತ್ತಿದ್ದವು. ಮನುಷ್ಯ ಕೆಡುವುದಿಲ್ಲವೆಂದು ಯಾವನೋ ತೀರ್ಮಾನಿಸಿದ. ಅವನ ಕೈ ಅಡುಗೆ ಒಲೆಯ ಹತ್ತಿರವೂ ಹೋಗಿರಲಿಕ್ಕಿಲ್ಲ.

ಕಾಳಿನ ಬಲ ಹೆಚ್ಚಾದರೆ ದಪ್ಪ ನರಗಳೂ ಮಲಗಿಬಿಡುತ್ತವೆ. ಅವನ್ನು ಎಬ್ಬಿಸಬೇಕಾದರೆ ಬಲ ತಗ್ಗಿಸಿದರೆ ಸಾಲದು, ಕಾಳನ್ನು ಪೂರ್ತಿ ಆರಿಸಬೇಕು. ಆರಿಸಿದಾಗ ಮೊದಲು ಏಳುವುದು ತೆಳ್ಳನೆಯ ನರ. ಅಷ್ಟು ದಿನ ಸುಟ್ಟದ್ದು, ಸೀಳಿದ್ದು, ಮುರಿದದ್ದು ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ನೋವಿನ ಔಷಧಿ ಕೊಟ್ಟರೆ ದಪ್ಪ ನರ ಏಳುವುದೇ ಇಲ್ಲ. ದೇವಪ್ಪನೆಂಬ ಗಟ್ಟಿಗನ ಕಾಳನ್ನು ಆರಿಸಿದ ವಾರದೊಳಗೆ ಅವನು ಆಸ್ಪತ್ರೆಯಿಂದ ಓಡಿಹೋಗಿ ತನ್ನ ಎರಡೂ ಕೈಗಳನ್ನು ತಗಡು ಎಳೆಯುವ ಉರುಳೆಗಳ ನಡುವೆ ಕೊಟ್ಟುಬಿಟ್ಟ. ಪಾಳಿಯವರೆಲ್ಲ ನೋಡಿದರು. ಅಂದಿನಿಂದ ಕೆಲಸಗಾರರಿಗೆ ಕುಲುಮೆಗಿಂತ ಕಾಳು ಆರುವುದರ ಭಯವೇ ದೊಡ್ಡದಾಯಿತು.

ಯಾರ ದಪ್ಪ ನರ ಮಲಗಿದೆ, ಯಾರದಿಲ್ಲ ಎಂದು ತಿಂಗಳಿಗೊಮ್ಮೆ ನೋಡುವವಳು ಕಾರ್ಖಾನೆ ಆಸ್ಪತ್ರೆಯ ಹಿರಿಯ ನರ್ಸು ಗಾಳೆಮ್ಮ. ಕಣ್ಣು ಮುಚ್ಚಿಸಿ ಕೂರಿಸುವಳು. ಹತ್ತಿಯ ಎಳೆಯಿಂದ ಮುಟ್ಟಿ ಎಲ್ಲಿ ಎಂದು ಕೇಳುವಳು. ಆಮೇಲೆ ಬೆರಳ ತುದಿ ಹಿಡಿದು ಎತ್ತಿ ಇಳಿಸಿ, ಮೇಲೋ ಕೆಳಗೋ ಎಂದು ಕೇಳುವಳು. ಇಷ್ಟೇ ಪರೀಕ್ಷೆ. ತಪ್ಪಿದವನ ಕಾಳನ್ನು ಆರಿಸುತ್ತಿದ್ದರು. ಇದನ್ನು ಮಾಡುವ ಯಂತ್ರ ಇನ್ನೂ ಬಂದಿರಲಿಲ್ಲ.

ಯಮನೂರಪ್ಪನನ್ನು ತಂದು ಎದುರಿಗೆ ಕೂರಿಸಿದಾಗ ಗಾಳೆಮ್ಮನಿಗೆ ಮೈಯೆಲ್ಲ ಉರಿಯಿತು.

"ಲೇ, ಹೋದ ವಾರ ನನ್ನ ಮುಂದ ಕುಂತು ಏನ್ ಹೇಳಿದಿ? ಎಲ್ಲಾ ಗೊತ್ತಾಗ್ತೈತಿ ಅಂದಿ. ಈಗ ನೋಡಿದ್ರ ನಿನ್ನ ಎಲುಬು ಹೊರಗ ಬಂದು ನನ್ನ ಮಾರಿ ನೋಡಾಕತ್ತೈತಿ."

"ಗೊತ್ತಾಗ್ತೈತ್ರಿ ಅಕ್ಕಾರ. ಆಟದಾಗ ಖಬರ್ ಇರಲಿಲ್ಲ."

"ಹೊಲಿಗಿ ಹಾಕೂಮುಂದ ಖಬರ್ ಬರ್ತೈತೇನು ನೋಡೂಣು."

"ಹಾಕ್ರಿ, ಹಾಕ್ರಿ. ಅಷ್ಟರಾಗ ನಾ ಇದನ್ನ ತಿಂದ್ ಮುಗಸ್ತೀನಿ" ಎಂದು ಅವನು ಎಡಗೈಯಲ್ಲಿದ್ದ ಮಿರ್ಚಿ ತೋರಿಸಿದ. ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ ಬೆರಳ ಸಂದಿಯಿಂದ ಎಣ್ಣೆ ಮತ್ತು ಹಿಟ್ಟು ಹೊರಗೆ ಬಂದು ಮೊಣಕೈವರೆಗೆ ಇಳಿದಿತ್ತು. ಗಾಳೆಮ್ಮ ಅದನ್ನು ನೋಡಿದಳು. ಮುಟ್ಟಿದ್ದು ತಿಳಿಯದ ಕೈ ಯಾವಾಗಲೂ ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ನರ್ಸಿಂಗ್ ಶಾಲೆಯಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಅದು.

ಡಾಕ್ಟರ್ ಫರ್ಹಾನಾ ಮುರಿದ ಕೈಯನ್ನು ನೇರ ಮಾಡುತ್ತಾ ಕೇಳಿದರು, "ಪಂಜಾ ಹಿಡಿದ ಇಬ್ಬರನ್ನೂ ನೀವೇ ಪಾಸ್ ಮಾಡಿದ್ದಲ್ವಾ ಗಾಳೆಮ್ಮ?"

"ನಾನ ಮಾಡೀನ್ರಿ. ಒಂದು ಬೆರಳೂ ಬಿಟ್ಟಿಲ್ಲ."

"ನಿಮ್ಮ ಮೇಲೆ ಅನುಮಾನ ಅಂತಲ್ಲ."

"ಅನುಮಾನ ಪಡ್ರಿ. ನಂಗ ನನ್ನ ಮ್ಯಾಲ ಬಂದೈತಿ."

ಕೈ ತೊಳೆದುಕೊಂಡವಳೇ ಅವಳು ಕಂಟ್ರೋಲ್ ರೂಮಿಗೆ ನಡೆದಳು. ಕುಲುಮೆಯಿಂದ ದೂರದಲ್ಲಿ, ಗಾಜಿನ ಹಿಂದೆ, ತಣ್ಣನೆಯ ಕೋಣೆ ಅದು. ಮಂಡ್ಯ ಕಡೆಯ ಚೆಲುವರಾಜ ಅಲ್ಲಿನ ಆಪರೇಟರು. ಅವನ ಎದುರಿನ ಪರದೆಯಲ್ಲಿ ಪಾಳಿಯ ಪ್ರತಿಯೊಬ್ಬನ ಹೆಸರೂ ಇತ್ತು, ಹೆಸರಿನ ಮುಂದೆ ಅವನ ಕಾಳಿನ ಬಲ ತೋರುವ ಹಸಿರು ಗೆರೆ. ಎಲ್ಲ ಗೆರೆಗಳೂ ಉದ್ದವಾಗಿದ್ದವು. ಎಲ್ಲಕ್ಕಿಂತ ಉದ್ದನೆಯ ಗೆರೆ ಕನಕರಾಯನದು. ಕನಕರಾಯ ಗಾಳೆಮ್ಮನ ಸ್ವಂತ ತಮ್ಮ.

"ಯಾರು ಏರ್ಸಿದ್ದು ಇದನ್ನ?"

"ನಾನೇ ಸಿಸ್ಟರ್. ಇನ್ಯಾರ್ ಏರ್ಸ್ತಾರೆ?"

"ಯಾರನ್ನ ಕೇಳಿ ಏರ್ಸಿದಿ?"

ಚೆಲುವರಾಜ ಅವಳನ್ನು ವಿಚಿತ್ರವಾಗಿ ನೋಡಿದ. "ನಿಮ್ಮನ್ನೇ. ನೀವ್ ಪಾಸ್ ಮಾಡಿದ್ರೆ ಆ ನರ ಇನ್ನೂ ತಡ್ಕೊಳುತ್ತೆ ಅಂತ ತಾನೇ? ಪಾಸಾದೋರ್ಗೆಲ್ಲ ಒಂದೊಂದ್ ಮೆಟ್ಲು ಏರ್ಸ್ಬೇಕು ಅಂತ ಮೇಲಿಂದ ರೂಲ್ಸು. ಹೋದ್ ವರ್ಷದಿಂದ್ಲೂ ಅಷ್ಟೆ. ನಿಮ್ಗೆ ಹೇಳಿಲ್ವಾ?"

ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಒಳ್ಳೆಯದಿದೆ ಎಂದು ಹೇಳಿದ ಪ್ರತಿ ಸಲವೂ ಇವನು ಇಲ್ಲಿ ಒಂದು ಗುಂಡಿ ಒತ್ತಿದ್ದ.

ಸಂಜೆ ಕ್ವಾರ್ಟರ್ಸಿನ ಬಾಗಿಲು ತೆಗೆಯುವಷ್ಟರಲ್ಲಿ ಕನಕರಾಯನ ಹೆಂಡತಿ ರೇಣವ್ವ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳು. ಸೊಂಟದಲ್ಲಿ ಕೂಸು. ಬಲಗೈಯ ಎರಡು ಬೆರಳಿಗೆ ಸೀರೆಯಂಚು ಹರಿದು ಕಟ್ಟಿಕೊಂಡಿದ್ದಳು. ಕೆನ್ನೆ ಬಾತು ಒಂದು ಕಣ್ಣು ಮುಚ್ಚಿತ್ತು.

"ಬಟ್ಟು ಮುರದಾನ" ಎಂದಳು. "ರಸ್ತೆ ದಾಟೂಮುಂದ ಕೈ ಹಿಡಕೊಂಡ. ಲಗ್ನಾದಾಗಿಂದ ಹಿಡದಾನೇ ಇಲ್ಲ, ಅವತ್ತ ಏನ್ ಪ್ರೀತಿ ಬಂದಿತ್ತೋ. ಕಟಕ್ ಅಂತು. ನಾ ಚೀರಿದ್ರ, ಯಾಕ ಚೀರ್ತಿ, ಮಂದಿ ನೋಡ್ತಾರ ಅಂತಾನ."

"ಮತ್ತ ಕೆನ್ನಿ?"

"ಅದು ಬ್ಯಾರೆ. ಅದು ಬೇಕಂತನ ಹೊಡದಿದ್ದು." ರೇಣವ್ವ ಕೂಸಿನ ತಲೆಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಕೂಸಿನ್ನ ಕೊಡವಲ್ಲಿ ಅಂತ ಹೊಡದ. ಹ್ಯಾಂಗ ಕೊಡ್ಲಿ ಅಕ್ಕಾರ? ನನ್ನ ಬಟ್ಟ ಹಿಂಗಾದ ಮ್ಯಾಲ ಇದರ ಎದಿಗೂಡು ಏನಾಗಬೇಕು? ನಿನ್ನೆ ಒಳಕೋಣಿ ಬಾಗಿಲಾ ಮುರದ. ನಾ ಕೂಸಿನ ಮ್ಯಾಲ ಬಕ್ಕಬಾರಲೆ ಬಿದ್ದುಬಿಟ್ಟೆ. ಬೆನ್ನಿಗೆ ಒದ್ದು ಒದ್ದು ತಾನ ಅಳಕೋತ ಕುಂತ. ನನ್ನ ಮಗಳನ್ನ ನಂಗ ಎತ್ತಿಕೊಳ್ಳಾಕ ಬಿಡವಲ್ಲಿ ಅಂತ."

ಗಾಳೆಮ್ಮ ಅವಳ ಬೆರಳಿನ ಕಟ್ಟು ಬಿಚ್ಚತೊಡಗಿದಳು.

"ನಿಮ್ಮ ಕೈಯಾಗ ಐತಿ. ಇವನ ಕೈ ಸತ್ತೈತಿ ಅಂತ ಹೇಳಿಬಿಡ್ರಿ. ಆರಿಸ್ಲಿ. ಚೀರಿದ್ರ ಚೀರ್ಲಿ, ಕೂಸು ಉಳೀತೈತಿ."

"ಹ್ಯಾಂಗ ಹೇಳ್ಲಿ? ನಾ ಮುಟ್ಟಿದ್ದೆಲ್ಲಾ ಕರೆಕ್ಟ್ ಹೇಳ್ತಾನವ. ಕಣ್ಣು ಗಟ್ಟಿ ಮುಚ್ಚಿರ್ತಾನ. ನಾನ ನೋಡೀನಿ."

"ಹಂಗಾರ ನಿಮ್ಮ ಕಣ್ಣಿಗೂ ಏನೋ ಆಗೈತಿ" ಎಂದು ರೇಣವ್ವ ಎದ್ದು ಹೋದಳು.

ಅವಳ ಹಿಂದೆಯೇ ಗಾಳೆಮ್ಮ ಹೊರಬಿದ್ದಳು. ತಮ್ಮನನ್ನು ಹುಡುಕಿ ಎರಡು ಬಾರಿಸಬೇಕೆಂದು ಹೊರಟವಳು ನೀರಿನ ಟಾಕಿಯ ಹತ್ತಿರ ಬಂದಾಗ ಕೋಲಿನ ಸದ್ದು ಕೇಳಿತು. ಕುಲುಮೆ ಪಾಳಿಯವರದು ಒಂದು ಕೋಲಾಟದ ಮೇಳವಿತ್ತು. ಕನಕರಾಯ ಅದರ ಮುಂದಾಳು. ಟಾಕಿಯ ಹಿಂದಿನ ಬಯಲಿನಲ್ಲಿ ಅವರು ದುಂಡಗೆ ನಿಂತಿದ್ದರು. ಆದರೆ ಅವರು ಹಾಡುತ್ತಿದ್ದುದು ಯಾವ ಹಬ್ಬದ ಪದವೂ ಅಲ್ಲ.

ನಡುವೆ ಹೊಸದಾಗಿ ಸೇರಿದ ನಾಲ್ಕಾರು ಮಂದಿ ಕಣ್ಣು ಮುಚ್ಚಿ ಕುಳಿತಿದ್ದರು. ಕನಕರಾಯ ತಲೆಯ ಮೇಲೆ ಟವೆಲು ಹೊದ್ದು, ಸೊಂಟದ ಮೇಲೆ ಕೈಯಿಟ್ಟು, ಹೆಣ್ಣು ದನಿಯಲ್ಲಿ ಹೇಳಿದ: "ಕಣ್ಣ್ ಮುಚ್ಚಲೇ ಮೂಳಾ. ಕದ್ದು ನೋಡಿದ್ರ ಗುಡ್ಡಿ ಕೀಳ್ತೀನಿ. ಹಾಂ, ಹೇಳು." ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಅದು ಗಾಳೆಮ್ಮನ ದನಿ, ಗಾಳೆಮ್ಮನದೇ ಮಾತು. 'ಹೇಳು' ಎಂದ ಕೂಡಲೇ ಕೋಲು ಬಿತ್ತು. ಕುಳಿತವರು ಒಟ್ಟಿಗೆ ಕೂಗಿದರು: "ಹೆಬ್ಬಟ್ಟು." ಕೋಲು. "ಕಿರಬಟ್ಟು." ಕೋಲು. "ಅಂಗೈ." ಆಮೇಲೆ ಲಯ ಬದಲಾಯಿತು. "ಮ್ಯಾಲ. ಕೆಳಗ. ಕೆಳಗ. ಮ್ಯಾಲ."

"ಕೊನೀ ಮ್ಯಾಲ ಅನ್ನೂದಕ್ಕ ಒಂದ್ ಉಸಿರು ತಡೀಬೇಕು" ಎಂದು ಕನಕರಾಯ ತಿದ್ದಿದ. "ಅಕ್ಕ ಅಲ್ಲಿ ಉಸಿರು ತಗೋತಾಳ."

ಟಾಕಿಯ ನೆರಳಿನಲ್ಲಿ ಗಾಳೆಮ್ಮ ಕಲ್ಲಿನಂತೆ ನಿಂತಳು. ಬಲಗೈ ಮೊದಲು, ಆಮೇಲೆ ಎಡಗೈ. ಹೆಬ್ಬೆರಳು, ಕಿರುಬೆರಳು, ಅಂಗೈ. ಯಾವ ಬೆರಳೂ ತಪ್ಪಬಾರದೆಂದು ನರ್ಸಿಂಗ್ ಶಾಲೆಯ ಟೀಚರು ಬಡಿದು ಕಲಿಸಿದ ಕ್ರಮ. ಹೊರಗೆ ಸಾಲು ನಿಂತಿರುತ್ತಿತ್ತು, ಅವಳ ಕೈ ತಾನಾಗಿ ಓಡುತ್ತಿತ್ತು. ಎಲ್ಲರಿಗೂ ಅದೇ ಕ್ರಮ, ಅದೇ ಗತಿ. ಇವರೋ ಹುಟ್ಟಿದಾಗಿನಿಂದ ಕೋಲಾಟದಲ್ಲಿ ಬೆಳೆದವರು. ಒಂದು ಸಲ ಕೇಳಿದ ಗತಿ ಅವರಿಂದ ತಪ್ಪುವುದಿಲ್ಲ. ಕೈಗೆ ಏನೂ ತಿಳಿಯದಿದ್ದರೂ ಬಾಯಿ ಉತ್ತರ ಹೇಳುತ್ತದೆ.

ಮೇಳ ಜೋರಾಯಿತು. ಕೋಲುಗಳು ಒಂದಕ್ಕೊಂದು ತಾಗುವ ಬದಲು ಬೆರಳುಗಳಿಗೆ ತಾಗುತ್ತಿದ್ದವು. ಒಬ್ಬನ ಉಗುರು ಕಿತ್ತು ನೇತಾಡುತ್ತಿತ್ತು. ಇನ್ನೊಬ್ಬನ ಗೆಣ್ಣು ಒಡೆದು ಬಿಳಿ ಕಾಣುತ್ತಿತ್ತು. ಕೋಲುಗಳು ರಕ್ತದಲ್ಲಿ ಜಾರುತ್ತಿದ್ದವು, ಆಡುವವರು ನಗುತ್ತಿದ್ದರು. ಗಾಳೆಮ್ಮ ಬಂದ ದಾರಿಯಲ್ಲೇ ವಾಪಸು ಹೋದಳು.

ಬೆಳಿಗ್ಗೆ ತಮ್ಮನಿಗೆ ಕರೆ ಕಳಿಸಿದಳು. ಡಾಕ್ಟರ್ ಫರ್ಹಾನಾರನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಕನಕರಾಯ ಬಂದವನು ನಗುತ್ತಲೇ ಕುಳಿತ. ಅಂಗೈಯ ಚರ್ಮ ಸುಟ್ಟು ಸುಟ್ಟು ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು.

"ಮತ್ಯಾಕಕ್ಕಾ? ಮೊನ್ನೆ ತಾನ ನೋಡಿದ್ಯಲ್ಲ."

"ಕಣ್ಣ್ ಮುಚ್ಚು. ಹಾಂ, ಹೇಳು."

"ಹೆಬ್ಬಟ್ಟು."

ಗಾಳೆಮ್ಮನ ಎರಡೂ ಕೈ ಅವಳ ಮಡಿಲಲ್ಲೇ ಇದ್ದವು.

"ಕಿರಬಟ್ಟು" ಎಂದ ಕನಕರಾಯ. "ಅಂಗೈ." ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ. "ಮ್ಯಾಲ. ಕೆಳಗ. ಕೆಳಗ." ಅವನು ಒಂದು ಉಸಿರು ತಡೆದ. "ಮ್ಯಾಲ."

"ಕಣ್ಣ್ ಬಿಡು ತಮ್ಮಾ."

ಅವನು ಕಣ್ಣು ಬಿಟ್ಟ. ಅಕ್ಕನ ಮಡಿಲಲ್ಲಿ ಸುಮ್ಮನೆ ಕುಳಿತ ಕೈಗಳನ್ನು ಕಂಡ. ತಿಳಿಯಲು ಕ್ಷಣ ಹಿಡಿಯಿತು. ಮುಖ ಕಪ್ಪಿಟ್ಟಿತು.

"ನಿನ್ನ ತಮ್ಮ ಅಲ್ಲೇನು ನಾನು? ದೇವಪ್ಪನ್ನ ನೋಡಿಯಿಲ್ಲ ನೀ?"

"ನೋಡೀನಿ. ರೇಣವ್ವನ ಬಟ್ಟೂ ನೋಡೀನಿ."

ಡಾಕ್ಟರ್ ಫರ್ಹಾನಾ ಆಗಲೇ ಕಂಟ್ರೋಲ್ ರೂಮಿಗೆ ಫೋನು ಹಚ್ಚಿದ್ದರು. ಕನಕರಾಯ ಮೇಜನ್ನು ಒದ್ದ. ಅದು ಡಾಕ್ಟರ ಮೊಣಕಾಲಿಗೆ ಬಡಿದು ಅವರನ್ನು ಗೋಡೆಗೆ ಕೆಡವಿತು. ಅಡ್ಡ ಬಂದ ಗಾಳೆಮ್ಮನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದ. ಎಲುಬು ನುರಿಯುವ ಸದ್ದು ಅವಳಿಗೆ ಕೇಳಿಸಿತು.

"ಬಿಡಲೇ."

"ಬಿಟ್ಟೀನಲ್ಲಕ್ಕಾ" ಎಂದ ಅವನು. ಅವನ ಕಣ್ಣು ಬಾಗಿಲ ಮೇಲಿತ್ತು.

"ಬಿಟ್ಟಿಲ್ಲ. ಕೈ ನೋಡು."

ಅವನು ಕೆಳಗೆ ನೋಡಿದ. ಬಿಟ್ಟೆನೆಂದುಕೊಂಡಿದ್ದ ಕೈ ಅಕ್ಕನ ಮಣಿಕಟ್ಟನ್ನು ಇಕ್ಕಳದಂತೆ ಕಚ್ಚಿತ್ತು. ಒಂದೊಂದೇ ಬೆರಳನ್ನು ಕಣ್ಣಿಟ್ಟು ನೋಡುತ್ತಾ ಬಿಚ್ಚಿದ. ಬಿಚ್ಚಿದ ಕೈಯನ್ನು ಯಾರದೋ ಕೈಯಂತೆ ದೂರ ಹಿಡಿದುಕೊಂಡ. ಅವನು ಅಂಜಿದ್ದನ್ನು ಗಾಳೆಮ್ಮ ಕಂಡದ್ದು ಅದೇ ಮೊದಲು.

"ಆರಿಸ್ತಾರೇನು ಈಗ?"

"ಆರಿಸ್ತಾರ."

"ಹಂಗಾರ ಕೈ ಹೋಗೂದರೊಳಗ ಕೂಸಿನ್ನ ಒಮ್ಮೆ ಎತ್ತಿಕೋತೀನಿ" ಎಂದವನೇ ಓಡಿದ.

ಬಾಗಿಲಲ್ಲಿ ಹಿಡಿಯಲು ಬಂದ ಸೆಕ್ಯುರಿಟಿಯವನ ದವಡೆಗೆ ಗುದ್ದು ಬಿತ್ತು, ಅವನು ಹಲ್ಲು ಉಗುಳುತ್ತಾ ಕುಸಿದ. ಗಾಳೆಮ್ಮ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ತಮ್ಮನ ಹಿಂದೆ ಓಡಿದಳು. ಓಡುತ್ತಲೇ ಅವಳಿಗೆ ಹೊಳೆಯಿತು: ಚೆಲುವರಾಜ ಈಗ ಗುಂಡಿ ಒತ್ತಿದರೆ ನೋವು ಬಡಿದು ಕನಕರಾಯನ ಕೈಗಳು ಮುಷ್ಟಿಗಟ್ಟುತ್ತವೆ. ಆ ಹೊತ್ತಿಗೆ ಆ ಕೈಗಳಲ್ಲಿ ಕೂಸು ಇರುತ್ತದೆ. ಹಿಂದೆ ತಿರುಗಿ "ಡಾಕ್ಟರ್, ತಡೀರಿ ಅನ್ರಿ" ಎಂದು ಕೂಗಿದಳು. ಕುಲುಮೆಯ ಸದ್ದಿನಲ್ಲಿ ಅದು ಯಾರಿಗೂ ಮುಟ್ಟಲಿಲ್ಲ.

ಅವಳು ತಲುಪಿದಾಗ ತಮ್ಮನ ಮನೆಯ ಮುಂಬಾಗಿಲು ಚೌಕಟ್ಟಿನ ಸಮೇತ ಬಿದ್ದಿತ್ತು. ಕನಕರಾಯ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಕೂಸು ಅವನ ಎದೆಯ ಮೇಲಿತ್ತು, ಅವನು ಅದರ ನೆತ್ತಿಗೆ ಮೂಗು ಹಚ್ಚಿ ಕಣ್ಣು ಮುಚ್ಚಿದ್ದ. ಮುಖದಲ್ಲಿ ಎಂಥ ಸುಖವಿತ್ತೆಂದರೆ ಯಾರಾದರೂ ಅದನ್ನೇ ನೋಡುತ್ತಿದ್ದರು. ಗಾಳೆಮ್ಮ ಕೂಸನ್ನು ನೋಡಿದಳು. ಅದರ ತುಟಿ ನೀಲಿಯಾಗಿತ್ತು. ಅಳಲು ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ.

ರೇಣವ್ವ ಅವನ ತೋಳಿಗೆ ಒನಕೆಯಿಂದ ಹೊಡೆಯುತ್ತಿದ್ದಳು. ತೋಳು ಬಾತುಕೊಂಡಿತ್ತು, ಸಡಿಲವಾಗಿರಲಿಲ್ಲ.

"ಕೈಗೆ ಬ್ಯಾಡ" ಎಂದು ಗಾಳೆಮ್ಮ ಚೀರಿದಳು. "ಕೈ ಸತ್ತೈತಿ. ಜೀವ ಇದ್ದಲ್ಲೆ ಹೊಡಿ."

ರೇಣವ್ವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಒನಕೆ ಬಿಸಾಡಿ ಗಂಡನ ಮೇಲೆ ಬಿದ್ದಳು. ಅವನ ಕಿವಿಗೆ ಬಾಯಿ ಹಾಕಿ ಹಲ್ಲು ಕೂಡುವ ತನಕ ಕಚ್ಚಿದಳು. ಕನಕರಾಯ ಕೂಗಿದ, ಕಣ್ಣು ತೆರೆದ, ಕಿವಿ ಹಿಡಿದುಕೊಳ್ಳಲು ಕೈ ಎತ್ತಿದ. ಕೂಸು ಜಾರಿತು. ಗಾಳೆಮ್ಮ ಒಂದೇ ಕೈಯಲ್ಲಿ ಅದನ್ನು ಎಳೆದುಕೊಂಡು ಹೊರಗೆ ಉರುಳಿದಳು. ಅಂಗಳದ ನೆಲದ ಮೇಲೆ ಮಲಗಿಸಿ ಬಾಯಿಗೆ ಬಾಯಿಟ್ಟು ಊದಿದಳು. ಊದಿದಳು, ಊದಿದಳು. ಕೂಸು ಕೆಮ್ಮಿತು. ಆಮೇಲೆ ಓಣಿಗೆಲ್ಲ ಕೇಳುವಂತೆ ಅತ್ತಿತು.

ಒಳಗೆ ರೇಣವ್ವ ಬಾಯಲ್ಲಿದ್ದ ಕಿವಿಯ ಚೂರನ್ನು ಉಗುಳಿದಳು. ಕನಕರಾಯ ಅವಳನ್ನು ಹೊಡೆಯಲು ಎದ್ದವನು ಅರ್ಧಕ್ಕೇ ನಿಂತ. ಕಾಳು ಆರಿತ್ತು, ಚೆಲುವರಾಜನಿಗೆ ಮೇಲಿನವರ ಒಪ್ಪಿಗೆ ಆಗಷ್ಟೇ ಸಿಕ್ಕಿರಬೇಕು. ಕನಕರಾಯ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು ನೋಡಿದ. ಅವನ ಬಾಯಿಂದ ಬಂದದ್ದು ಮನುಷ್ಯರ ದನಿಯಾಗಿರಲಿಲ್ಲ. ಆ ಕೈಗಳನ್ನು ಗೋಡೆಗೆ ಬಡಿದ, ನೆಲಕ್ಕೆ ಬಡಿದ, ಬಾಯಿಗೆ ತುರುಕಿಕೊಂಡು ಅಗಿದ. ಓಣಿಯ ಗಂಡಸರೆಲ್ಲ ಬಂದು ಹಗ್ಗ ಬಿಗಿದು ಅವನನ್ನು ಆಸ್ಪತ್ರೆಗೆ ಹೊತ್ತರು. ಹೊತ್ತವರಲ್ಲಿ ಮೇಳದವರೂ ಇದ್ದರು. ಯಾರೂ ಗಾಳೆಮ್ಮನ ಮುಖ ನೋಡಲಿಲ್ಲ.

ಹಾಸಿಗೆಗೆ ಎರಡೂ ತೋಳು ಕಟ್ಟಿದರು. ಔಷಧಿ ಕೊಡುವಂತಿಲ್ಲ. ಅವನು ಕೂಗಿದ. ಕೂಗುವುದಕ್ಕೆ ಶಕ್ತಿಯಿಲ್ಲದಾಗ ಬೈದ. ಗಾಳೆಮ್ಮನ ಹುಟ್ಟು ಹಿಡಿದು, ಅವಳ ತಾಯಿಯನ್ನು ಹಿಡಿದು ಬೈದ.

"ಅವ್ವ ನಿಂಗೂ ಅವ್ವನ ಲೇ ಭಾಡ್ಯಾ" ಎಂದು ಗಾಳೆಮ್ಮ ಪ್ಲಾಸ್ಟರಿನ ಕೈ ಆಡಿಸಿ ತಿರುಗಿ ಬೈದಳು. ಬೈಯುತ್ತಲೇ ಅವನ ಬಾಯಿಗೆ ಗಂಜಿ ಹಾಕಿದಳು. ಅವನು ಅದನ್ನು ಅವಳ ಮುಖಕ್ಕೇ ಉಗುಳಿದ.

ದಿನಗಳು ಹೋದವು. ಗಾಳೆಮ್ಮ ಹೊತ್ತಿಗೊಂದು ಸಲ ಹತ್ತಿಯ ಎಳೆ ಹಿಡಿದು ಬರುವಳು, ಮನಸ್ಸಿಗೆ ಬಂದಲ್ಲಿ ಮುಟ್ಟುವಳು, ಏನೂ ಕೇಳದೆ ಅವನ ಮುಖ ನೋಡುವಳು. ಅಲ್ಲಿ ನೋವು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ದಪ್ಪ ನರ ಏಳದಿದ್ದರೂ ಏಳದಿರಬಹುದೆಂದು ಡಾಕ್ಟರ್ ಫರ್ಹಾನಾ ಹೇಳಿದ್ದರು. ಬಾಗಿಲ ಹೊರಗೆ ರೇಣವ್ವ ಕೂಸನ್ನು ಕಟ್ಟಿಕೊಂಡು ಕೂರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಮನೆಗೂ ಹೋಗುತ್ತಿರಲಿಲ್ಲ. ಪಾಳಿ ಮುಗಿಸಿದವರು ಕಿಟಕಿಗೆ ಬಂದು ನಿಂತು, ಅವನ ಕೂಗು ಕೇಳಿ, ತಮ್ಮ ತಮ್ಮ ಕೈಗಳನ್ನು ಬಗಲಲ್ಲಿ ಅಡಗಿಸಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅವನು ಕೂಗಿ ಕೂಗಿ ಸೋತು, ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿದ್ದ. ಎದ್ದಿದ್ದಾನೋ ಮಲಗಿದ್ದಾನೋ ತಿಳಿಯುತ್ತಿರಲಿಲ್ಲ. ಗಾಳೆಮ್ಮ ಉಸಿರು ಹಿಡಿದು ಎಡಗೈಯ ಕಿರುಬೆರಳ ಪಕ್ಕಕ್ಕೆ ಹತ್ತಿ ತಾಗಿಸಿದಳು. ಏನೂ ಆಗಲಿಲ್ಲ. ಮತ್ತೊಮ್ಮೆ ತಾಗಿಸಿದಳು.

"ಕಿರಬಟ್ಟು ಮುಟ್ಟಬ್ಯಾಡಲೇ ಸೂಳೆಮಗನ" ಎಂದು ಅವನು ಗೋಡೆಗೆ ಹೇಳಿದ. "ಯಾವನವ?"

ಗಾಳೆಮ್ಮ ಹತ್ತಿಯನ್ನು ಕೆಳಗಿಟ್ಟಳು. ಆಮೇಲೆ ಬಾಗಿಲ ಕಡೆ ತಿರುಗಿ, ರೇಣವ್ವ ಎಂದು ಕರೆದಳು.